ಅಪ್‌ಡೇಟ್: ಅಣ್ಣನ ಸ್ಕ್ಯಾನರ್‌ಗೆ ಯಾವ ಫ್ರೀಕ್ವೆನ್ಸಿ ಹಾಕಿದೆವು

ಕ್ಯಾಲಿಫೋರ್ನಿಯಾದಲ್ಲಿರುವ ಅಣ್ಣನ ಊರಿನ ಹತ್ತಿರ ಕಾಡ್ಗಿಚ್ಚು ಬಂದರೆ ರೇಡಿಯೋ ಸ್ಕ್ಯಾನರ್‌ನಲ್ಲಿ (ಬೇರೆ ಬೇರೆ ಚಾನೆಲ್‌ಗಳ ವೈರ್‌ಲೆಸ್ ಮಾತನ್ನು ಒಂದೊಂದಾಗಿ ಹುಡುಕಿ ಕೇಳಿಸುವ ಸೆಟ್) ಏನು ಕೇಳಬೇಕು ಅಂತ ಹೋದ ತಿಂಗಳು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ಅವನು ಸಿಕ್ಕಿದ್ದೆಲ್ಲಾ ತುಂಬಿಸಿದ್ದ, ಇನ್ನೂರಕ್ಕೂ ಜಾಸ್ತಿ ಚಾನೆಲ್! ಸ್ಕ್ಯಾನರ್ ಒಂದೊಂದನ್ನೇ ಸುತ್ತಿ ಬರುವಷ್ಟರಲ್ಲಿ ಮುಖ್ಯವಾದ ಮಾತೇ ಮುಗಿದಿರುತ್ತಿತ್ತು. ಭಾನುವಾರ ನಾನು ಕುವೆಂಪುನಗರದ ಮನೆಯಲ್ಲಿ ಕಾಫಿ ಹಿಡಿದು ಕೂತೆ, ಅವನು ವಿಡಿಯೋ ಕಾಲ್‌ನಲ್ಲಿ. ಹದಿನೈದಕ್ಕೆ ಇಳಿಸಿದೆವು. ಕ್ಯಾಲ್ ಫೈರ್ (ಆ ರಾಜ್ಯದ ಅಗ್ನಿಶಾಮಕ ಇಲಾಖೆ) ಬೆಂಕಿ ಆರಿಸುವ ಕೆಲಸ ನಡೆಸಲು ಬಳಸುವ 151 ಮೆಗಾಹರ್ಟ್ಸ್ ಆಸುಪಾಸಿನ ಕಮಾಂಡ್ ಚಾನೆಲ್‌ಗಳು, ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಫೈರ್ ಡಿಸ್ಪ್ಯಾಚ್, ಅಂದರೆ ಎಲ್ಲಿಗೆ ಹೋಗಬೇಕು ಅಂತ ಬೆಂಕಿ ಆರಿಸುವವರಿಗೆ ಹೇಳುವ ಚಾನೆಲ್, ಬೆಂಕಿ ಆರಿಸುವ ವಿಮಾನಗಳ ತುರ್ತು ಚಾನೆಲ್ 168.625. ಹವಾಮಾನ ರೇಡಿಯೋ 162.400ರಿಂದ 162.550ರೊಳಗೆ ಸಿಗುತ್ತದೆ, ಗಾಳಿಯ ದಿಕ್ಕು ತಿಳಿಯಲು ಅದೇ ಬೇಕು. ಡಿಸ್ಪ್ಯಾಚ್‌ಗೆ ಪ್ರಯಾರಿಟಿ ಕೊಟ್ಟೆವು. ಎನ್‌ಕ್ರಿಪ್ಟ್ ಆದ (ಹೊರಗಿನವರಿಗೆ ತಿಳಿಯದಂತೆ ಗುಪ್ತವಾಗಿಸಿದ) ಪೊಲೀಸ್ ಚಾನೆಲ್‌ಗಳು ಸ್ಕ್ಯಾನರ್‌ಗೆ ಕೇಳಿಸುವುದೇ ಇಲ್ಲ, ಸುಮ್ನೆ ಜಾಗ ದಂಡ ಅಂತ ತೆಗೆದೆವು.

ಮನೆ ಬಿಡಲು ಮಾತ್ರ ಸ್ಕ್ಯಾನರ್ ನಂಬಿ ಕೂರಬೇಡ, ಕೌಂಟಿಯ ಫೋನ್ ಅಲರ್ಟ್‌ಗೂ ಹೆಸರು ಕೊಡು ಅಂದೆ. ಕೊಟ್ಟಿದ್ದಾನಂತೆ.

ಚಾಮುಂಡಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಇಲ್ಲೂ ಹೀಗೆ ಕೇಳಬಹುದಾ ಅಂತ ಒಬ್ಬರು ಕೇಳಿದ್ದಿರಿ. ಬೇಡ. ನಮ್ಮಲ್ಲಿ ವೈರ್‌ಲೆಸ್ ಸೆಟ್ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಹೊಗೆ ಕಂಡರೆ 112ಕ್ಕೆ ಫೋನ್ ಮಾಡಿ.