ಅಪ್‌ಡೇಟ್: ನಮ್ಮ ಬೂದು ಕಾರ್ನ್ ಸ್ನೇಕ್ ಯಾವ ಮಾರ್ಫ್?

ವಿಜಯಪುರದಲ್ಲಿ ನಾನು ಸಾಕಿರುವ ಬೂದು ಕಾರ್ನ್ ಸ್ನೇಕ್ (ಅಮೆರಿಕದ ವಿಷವಿಲ್ಲದ ಹಾವು) ಯಾವ ಮಾರ್ಫ್, ಅಂದರೆ ಹುಟ್ಟಿನಿಂದ ಬರುವ ಯಾವ ಬಣ್ಣದ ಬಗೆ, ಅನೆರಿಯೋ, ಚಾರ್ಕೋಲೋ, ಇಲ್ಲಾ ಘೋಸ್ಟೋ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಪೊರೆ ಬಿಡುವ ತನಕ ಕಾಯಿರಿ, ಟ್ಯೂಬ್‌ಲೈಟ್ ಬೆಳಕಿನ ಫೋಟೋ ನಂಬಬೇಡಿ ಎಂದಿದ್ದಿರಿ. ಒಳ್ಳೆಯ ಸಲಹೆ ಅದು.

ಮೊನ್ನೆ ಪೊರೆ ಬಿಟ್ಟಿತು. ಬೆಳಿಗ್ಗೆ ಕಿಟಕಿ ಪಕ್ಕ ಹಿಡಿದು ನೋಡಿದೆ. ದವಡೆ ಕೆಳಗೆ, ಕುತ್ತಿಗೆಯ ಎರಡೂ ಬದಿಗೆ ತಿಳಿ ಹಳದಿ ಮೂಡಿದೆ. ಮರಿಯಾಗಿದ್ದಾಗ ಇದು ಇರಲೇ ಇಲ್ಲ. ಅನೆರಿಗೆ ಕೆಂಪು ಬಣ್ಣ ಇರುವುದಿಲ್ಲ, ಆದರೆ ಬೆಳೆಯುತ್ತಾ ಹೀಗೆ ಹಳದಿ ಬರುತ್ತದೆ. ಚಾರ್ಕೋಲ್‌ನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಘೋಸ್ಟ್ ಅಂದರೆ ಅನೆರಿ ಮತ್ತು ಹೈಪೋ (ಕಪ್ಪು ಬಣ್ಣ ಕಡಿಮೆ ಮಾಡುವ ಗುಣ) ಎರಡೂ ಸೇರಿದ್ದು. ಅದರಲ್ಲಿ ಕಪ್ಪು ಮಾಸಿರುತ್ತದೆ. ನಮ್ಮದರ ಬೆನ್ನಿನ ಮಚ್ಚೆಗಳ ಅಂಚು ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪಗಿದೆ. ಹಾಗಾಗಿ ಅನೆರಿ ಎಂದೇ ನನ್ನ ತೀರ್ಮಾನ.

ಸ್ನೋ ಎಂಬ ಮಾರ್ಫ್ ಇರಬಹುದಾ ಎಂದು ಒಬ್ಬರು ಕೇಳಿದ್ದರು. ಸಾಧ್ಯವೇ ಇಲ್ಲ. ಸ್ನೋಗೆ ಕಪ್ಪೂ ಇಲ್ಲ, ಕೆಂಪೂ ಇಲ್ಲ. ಬಿಳಿ-ಗುಲಾಬಿ ಮೈ, ಕೆಂಪು ಕಣ್ಣು. ಇದರ ಕಣ್ಣು ಕಪ್ಪು.

ನಮ್ಮ ಓಣಿಯ ಕಾಕಾ ಮಾತ್ರ ಒಪ್ಪುವುದಿಲ್ಲ. "ಇದು ಕೊಳಕುಮಂಡಲ ಅದ ತಮ್ಮಾ, ಹುಷಾರ್!" ಎನ್ನುತ್ತಾರೆ. ಅಮೆರಿಕದ ವಿಷವಿಲ್ಲದ ಹಾವು ಎಂದರೆ ಸುಮ್ನೆ ನಗುತ್ತಾರೆ.

ಹಾವು ಕೊಟ್ಟವರು "ಹೆಟ್ ಅಮೆಲ್" ಎಂದೂ ಹೇಳಿದ್ದರು. ಅಮೆಲ್ ಅಂದರೆ ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ ಮಾರ್ಫ್; ಹೆಟ್ ಅಂದರೆ ಆ ಜೀನ್‌ನ ಒಂದೇ ಪ್ರತಿ ಇರುವುದು. ಅದು ಹೊರಗೆ ಕಾಣುವುದಿಲ್ಲ, ಯಾವ ಫೋಟೋದಿಂದಲೂ ಹೇಳಲಾಗದು. ಅಮೆಲ್ ಜೊತೆ ಜೋಡಿ ಮಾಡಿದಾಗ ಒಂದಾದರೂ ಅಮೆಲ್ ಮರಿ ಹುಟ್ಟಿದರೆ ನಿಜವೆಂದು ಗೊತ್ತಾಗುತ್ತದೆ. ಸದ್ಯಕ್ಕೆ ಮರಿ ಮಾಡಿಸುವ ಯೋಚನೆ ನನಗಿಲ್ಲ.