ಸಹಾಯ ಬೇಕು: ಡಿಸ್‌ಪ್ಲೇ ಮುಂದಿನ ಐಟಿಒ ಗಾಜು ಕೆಲಸ ಮಾಡ್ತಿಲ್ಲ

ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಸಣ್ಣ ವರ್ಕ್‌ಶಾಪ್, ಕಂಟ್ರೋಲ್ ಪ್ಯಾನೆಲ್ ಮಾಡುತ್ತೇವೆ. ಹೋದ ವಾರ ಒಂದು ಪ್ಯಾನೆಲ್ ಇಎಂಐ (ಉಪಕರಣದಿಂದ ಹೊರಬೀಳುವ ರೇಡಿಯೋ ಅಲೆಯ ಅಡ್ಡಿ) ಟೆಸ್ಟ್‌ನಲ್ಲಿ ಫೇಲಾಯಿತು, 200 ಮೆಗಾಹರ್ಟ್ಸ್ ಹತ್ತಿರ. ಡಬ್ಬಿ ಪೂರ್ತಿ ಅಲ್ಯೂಮಿನಿಯಂ. ಡಿಸ್‌ಪ್ಲೇ ಕಿಂಡಿಗೆ ತಾಮ್ರದ ಟೇಪ್ ಅಂಟಿಸಿದರೆ ಪಾಸ್! ಆದರೆ ಆಮೇಲೆ ಡಿಸ್‌ಪ್ಲೇ ಯಾರಿಗೆ ಕಾಣಬೇಕು?

ಅದಕ್ಕೇ ಇಂಡಿಯಂ ಟಿನ್ ಆಕ್ಸೈಡ್ (ಐಟಿಒ, ವಿದ್ಯುತ್ ಹರಿಯುವ ಪಾರದರ್ಶಕ ವಸ್ತು) ಕೋಟಿಂಗ್ ಇರುವ ಗಾಜು ತರಿಸಿದೆ. ಕೋಟಿಂಗ್ ರೋಧ ಚದರಕ್ಕೆ 10 ಓಮ್. ಲೆಕ್ಕದಲ್ಲಿ ಸುಮಾರು 26 ಡೆಸಿಬೆಲ್ ತಡೆಯಬೇಕು. ಕೂರಿಸಿದರೆ 4 ಕೂಡ ಇಳಿಯಲಿಲ್ಲ. ಮಲ್ಟಿಮೀಟರ್ ಇಟ್ಟು ನೋಡಿದರೆ ಕೋಟಿಂಗ್ ಬದಿ ಹೊರಗಿದೆ! ತಿರುಗಿಸಿ ಹಾಕಿದೆ. ಸ್ವಲ್ಪ ಸುಧಾರಿಸಿತು, ಆದರೆ ಸಾಲದು. ಗಾಜಿನ ಅಂಚಿಗೂ ಚೌಕಟ್ಟಿಗೂ ನಡುವೆ ಇರುವುದು ಮಾಮೂಲಿ ರಬ್ಬರ್. ಕೋಟಿಂಗ್‌ಗೆ ಡಬ್ಬಿಯ ಸಂಪರ್ಕವೇ ಇಲ್ಲ, ತಪ್ಪು ಅಲ್ಲೇ ಅಲ್ವಾ?

ಅಂಚಿಗೆ ಸಿಲ್ವರ್ ಪೇಂಟ್ ಬಳಿದು, ಕಂಡಕ್ಟಿವ್ ಗ್ಯಾಸ್ಕೆಟ್ (ವಿದ್ಯುತ್ ಹರಿಯುವ ಅಂಚುಪಟ್ಟಿ) ಹಾಕಿದವರು ಯಾರಾದರೂ ಇದ್ದೀರಾ? ಗ್ಯಾಸ್ಕೆಟ್ ಒತ್ತಿದಾಗ ಪೇಂಟ್ ಕಿತ್ತು ಬರುತ್ತದೆಯಾ? ಇಲ್ಲ, ಸಣ್ಣ ಲೋಹದ ಜಾಲರಿ ಇರುವ ಗಾಜೇ ವಾಸಿನಾ? ಜಾಲರಿ ಜಾಸ್ತಿ ತಡೆಯುತ್ತದೆ, ನಿಜ. ಆದರೆ ಡಿಸ್‌ಪ್ಲೇ ಪಿಕ್ಸೆಲ್ ಜೊತೆ ಸೇರಿ ಅಲೆ ಅಲೆಯಾಗಿ ಕಾಣುವ ಭಯ.

ಬೆಂಗಳೂರಲ್ಲಿ ನಾಲ್ಕೈದು ಪೀಸ್ ಮಾತ್ರ ಕತ್ತರಿಸಿ ಕೊಡುವವರು ಗೊತ್ತಿದ್ದರೂ ಹೇಳಿ. ಕೇಳಿದ ಕಡೆಯೆಲ್ಲ ನೂರು ಪೀಸ್ ತಗೊಳ್ಳಿ ಅಂತಾರೆ. ಮರು ಟೆಸ್ಟ್‌ಗೆ 12 ದಿನ ಇದೆ.