ಟಿ-34/85 ಗೋಪುರದ ಡೆಕಾಲ್ ಸುತ್ತ ಬೆಳ್ಳಿ ಹೊಳಪು

ಪ್ರಶ್ನೆ: 1/35 ಅಳತೆಯ ಟಿ-34/85 (ಸೋವಿಯತ್ ಟ್ಯಾಂಕ್) ಮಾಡೆಲ್. ಅಕ್ರಿಲಿಕ್ ಮ್ಯಾಟ್ (ಹೊಳಪಿಲ್ಲದ) ಹಸಿರು ಬಣ್ಣದ ಮೇಲೆ ನೇರವಾಗಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸೋ ತೆಳು ಚಿತ್ರ) ಹಾಕಿದ್ದೇನೆ. ಬಿಳಿ ಅಂಕಿಗಳ ಸುತ್ತ ಬೆಳ್ಳಿ ಹೊಳಪು ಕಾಣ್ತಿದೆ. ಕಿತ್ತುಹಾಕಬೇಕಾ?

ಉತ್ತರ 1: ಖಂಡಿತ ಕೀಳಬೇಡಿ ಸರ್. ಮ್ಯಾಟ್ ಬಣ್ಣದ ಮೈ ಒರಟು, ಡೆಕಾಲ್ ಅಡಿ ಗಾಳಿ ಸಿಕ್ಕಿಕೊಂಡಿದೆ, ಹೊಳೆಯೋದು ಅದೇ. ಟಿ-34/85 ಗೋಪುರ ಎರಕದ್ದು, ಕಿಟ್‌ನಲ್ಲೂ ತರಿತರಿ ಇದ್ದರೆ ಇನ್ನೂ ಜಾಸ್ತಿ. ಹೊಳೆಯೋ ಕಡೆಯೆಲ್ಲ ಸೂಜಿಮೊನೆಯಿಂದ ಚುಚ್ಚಿ, ಮಿಸ್ಟರ್ ಮಾರ್ಕ್ ಸಾಫ್ಟರ್ (ಡೆಕಾಲ್ ಮೆತ್ತಗೆ ಮಾಡೋ ದ್ರವ) ತೆಳುವಾಗಿ ಹಚ್ಚಿ. ಡೆಕಾಲ್ ಸುಕ್ಕುಗಟ್ಟುತ್ತೆ. ಆಗ ಮುಟ್ಟಿದರೆ ಹರಿದೇಹೋಗುತ್ತೆ! ಒಣಗುತ್ತಾ ತಾನೇ ಕೂರುತ್ತೆ, ಉಳಿದರೆ ಇನ್ನೊಮ್ಮೆ ಹಚ್ಚಿ.

ಉತ್ತರ 2: ಮುಂದಿನ ಸಲ ಡೆಕಾಲ್‌ಗೆ ಮೊದಲು ಗ್ಲಾಸ್ (ಹೊಳಪಿನ) ವಾರ್ನಿಷ್, ತೆಳುವಾಗಿ 2 ಕೋಟ್, ಒಂದು ದಿನ ಒಣಗಲಿ. ಎನಾಮಲ್ ವಾಷ್ (ಸಂದಿಗಳಿಗೆ ಹರಿಸೋ ತೆಳು ಬಣ್ಣ) ಕೂಡ ಅದರ ಮೇಲೆ ಸಲೀಸಾಗಿ ಸಂದಿಗಿಳಿಯುತ್ತೆ. ಮ್ಯಾಟ್ ವಾರ್ನಿಷ್ ಆಮೇಲೆ.